ಖಾಲಿ ಕವರಿಗೆ ಐದು ವರ್ಷ

ನಮಗೆ ಗೊತ್ತಿರುವಂತೆ ಮೊದಲು ಕಳವಾಗುತ್ತದೆ, ಆಮೇಲೆ ಕಳ್ಳನನ್ನು ಹುಡುಕುತ್ತಾರೆ. ಅಮೆರಿಕ ಮುಂದುವರಿದ ದೇಶ ಅಲ್ವಾ? ಅಲ್ಲಿ 1919ರಲ್ಲೇ ಮೊದಲು ಕಳ್ಳನನ್ನು ಗೊತ್ತುಮಾಡಿಕೊಂಡರು. ಕಳವು ನಿಧಾನಕ್ಕೆ ಸಿಕ್ಕರಾಯಿತು ಅಂತ.

ಆ ಕಳ್ಳ ಜಮೈಕಾದ ಮಾರ್ಕಸ್ ಗಾರ್ವಿ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನೆಲೆ ನಿಂತು, ಕಪ್ಪು ಜನ ಯಾರಿಗೂ ತಲೆ ಬಾಗಿಸಬೇಕಿಲ್ಲ ಅಂತ ಭಾಷಣ ಮಾಡುತ್ತಿದ್ದ. ಬ್ಲ್ಯಾಕ್ ಸ್ಟಾರ್ ಲೈನ್ ಅಂತ ಹಡಗು ಕಂಪನಿಯನ್ನೂ ತೆರೆದ. ಷೇರಿಗೆ 5 ಡಾಲರ್. ಬಡವರು ಕೂಡಿಟ್ಟ ದುಡ್ಡು ತಂದು ಕೊಟ್ಟರು.

ಆಗ ನ್ಯಾಯ ಇಲಾಖೆಯಲ್ಲಿ ಎಡ್ಗರ್ ಹೂವರ್ ಅಂತ 24ರ ಹುಡುಗ ಇದ್ದ. ಮುಂದೆ ಎಫ್‌ಬಿಐಗೆ ದಶಕಗಟ್ಟಲೆ ಯಜಮಾನನಾದವನು. ಅವನು ಒಂದು ಟಿಪ್ಪಣಿ ಬರೆದ. ಗಾರ್ವಿಯನ್ನು ಗಡೀಪಾರು ಮಾಡೋಣ ಅಂದರೆ, ದುರದೃಷ್ಟಕ್ಕೆ ಆತ ಇನ್ನೂ ಅಂಥ ಯಾವ ಕಾನೂನನ್ನೂ ಮುರಿದಿಲ್ಲವಂತೆ. ದುರದೃಷ್ಟ ಯಾರದ್ದು ನೋಡಿ! ಹಡಗು ಕಂಪನಿ ನೆಪದಲ್ಲಿ ವಂಚನೆ ಕೇಸು ಹಾಕಬಹುದೇನೋ ಅಂತ ಅದರಲ್ಲೇ ಸೂಚನೆಯೂ ಇತ್ತು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ರೆಡಿ.

ಗಾರ್ವಿಗೆ ವ್ಯಾಪಾರ ಬರುತ್ತಿರಲಿಲ್ಲ, ಅದು ನಿಜ. ಲಟಾರಿ ಹಡಗು ಯಾರ್‌ಮತ್‌ಗೆ 1,65,000 ಡಾಲರ್ ಸುರಿದ. ಇನ್ನೂ ಕೊಳ್ಳದ ಹಡಗಿನ ಚಿತ್ರಕ್ಕೆ ತನ್ನ ಕಂಪನಿಯ ಹೆಸರಿಟ್ಟು ಜಾಹೀರಾತು ಮಾಡಿದ್ದೂ ಉಂಟು. (ಅಷ್ಟಕ್ಕೇ ಜೈಲು ಅಂದರೆ ಸೈಟು ಮಾರುವವರಲ್ಲಿ ಹೊರಗೆ ಉಳಿಯುವವರು ಯಾರು?) ಕಂಪನಿ ಮುಳುಗಿತು. ಅಂಚೆ ಮೂಲಕ ವಂಚನೆ ಅಂತ ನಾಲ್ವರ ಮೇಲೆ ಕೇಸಾಯಿತು. 1923ರಲ್ಲಿ ಮೂವರು ಖುಲಾಸೆ. ಗಾರ್ವಿ ಒಬ್ಬನೇ ತಪ್ಪಿತಸ್ಥ, ಅದೂ ಒಂದೇ ಒಂದು ಆರೋಪದಲ್ಲಿ.

ಆ ಒಂದಕ್ಕೆ ಸಾಕ್ಷಿ ಏನು ಗೊತ್ತಾ? ಒಂದು ಕವರ್. ಮೇಲೆ ಕಂಪನಿಯ ಮುದ್ರೆ, ವಿಳಾಸ. ಒಳಗೆ? ಏನೂ ಇಲ್ಲ. ಕವರ್ ಬಂದಿದ್ದ ಮನುಷ್ಯನಿಗೆ ಅದರಲ್ಲಿ ಏನಿತ್ತು ಅಂತ ನೆನಪಿರಲಿಲ್ಲ. ಅವನಿಗೆ ಅಂಥ ಕಾಗದ ಎಷ್ಟೋ ಬರುತ್ತಿದ್ದವು. ಆದರೂ ಒಳಗೆ ಮೋಸ ಇತ್ತು ಅಂತ ಜ್ಯೂರಿಗೆ ಕಂಡಿತು. ಐದು ವರ್ಷ ಶಿಕ್ಷೆ, 1,000 ಡಾಲರ್ ದಂಡ. ಕಾಗದವೂ ಇದ್ದಿದ್ದರೆ ಹತ್ತು ವರ್ಷ ಬೀಳುತ್ತಿತ್ತೋ ಏನೋ.

ಅಟ್ಲಾಂಟಾ ಜೈಲಿಗೆ 1925ರಲ್ಲಿ ಹಾಕಿದರು. 1927ರಲ್ಲಿ ಅಧ್ಯಕ್ಷ ಕೂಲಿಜ್ ಶಿಕ್ಷೆ ಕಡಿಮೆ ಮಾಡಿದರು. ಮನಸ್ಸು ಕರಗಿತೇನೋ ಅಂದುಕೊಳ್ಳುವಷ್ಟರಲ್ಲಿ ಹಡಗು ಹತ್ತಿಸಿ ಜಮೈಕಾಕ್ಕೆ ಕಳಿಸಿಯೂ ಆಯಿತು. ಎಂಟು ವರ್ಷ ಹಿಂದಿನ ಟಿಪ್ಪಣಿ ಕೊನೆಗೂ ಸಾರ್ಥಕ.

ಗಾರ್ವಿ 1940ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಜಮೈಕಾ ಅವನನ್ನು ರಾಷ್ಟ್ರವೀರ ಅಂತ ಕರೆಯಿತು, 20 ಡಾಲರ್ ನಾಣ್ಯದ ಮೇಲೆ ಅವನ ಮುಖ ಕೂರಿಸಿತು. ಅಮೆರಿಕದ ಕಡತದಲ್ಲಿ ಮಾತ್ರ ಅಪರಾಧಿಯಾಗಿಯೇ ಇದ್ದ.

2025ರ ಜನವರಿ 19ರಂದು, ಅಧಿಕಾರ ಬಿಡುವ ಹಿಂದಿನ ದಿನ, ಬೈಡನ್ ಅವನಿಗೆ ಕ್ಷಮಾದಾನ ಕೊಟ್ಟರು. ನಮ್ಮನ್ನು ಕ್ಷಮಿಸು ಅಂತ ಅಲ್ಲ, ನಿನ್ನನ್ನು ಕ್ಷಮಿಸಿದ್ದೇವೆ ಅಂತ! ಸತ್ತು 84 ವರ್ಷ ಆದವನಿಗೆ ಆ ಪತ್ರ ಹೇಗೆ ತಲುಪಿಸಿದರೋ ತಿಳಿಯದು. ಅಂಚೆಯಲ್ಲಿ ಹಾಕಿದ್ದರೆ, ಕವರಿನೊಳಗೆ ಕಾಗದ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಲಿ.