ಕೋತಿ ಕಿತ್ತ ಕೇಸರಿ

ಅಕ್ಟೋಬರ್ ಕೊನೇ ವಾರ ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೋಗಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ, ಮ್ಯೂನಿಕ್‌ನಿಂದ ಟಿಕೆಟ್ ಚೀಪಾಗಿ ಸಿಕ್ತು ಅಷ್ಟೇ. ಹೂ ಗೀ ತಲೇಲಿ ಇರ್ಲೇ ಇಲ್ಲ. ಆದ್ರೆ ಅಲ್ಲಿ ಲೆಕ್ಕವೇ ಉಲ್ಟಾ ನೋಡಿ, ಬೇಸಿಗೆ ಪೂರ್ತಿ ಮಳೆ ಇಲ್ದೆ ನೆಲ ಹಪ್ಪಳ ಆಗಿರುತ್ತೆ, ಗಿಡಗಳೆಲ್ಲ ಗಡ್ಡೆಯೊಳಗೆ ನಿದ್ದೆ ಹೊಡೀತಿರ್ತವೆ, ಬೇಸಿಗೆ ಕಳೆದು ಮೊದಲ ಮಳೆ ಬೀಳೋದೇ ತಡ, ಎಷ್ಟೋ ಗಿಡಗಳಲ್ಲಿ ಎಲೆಗೂ ಕಾಯದೆ ಬರೀ ಹೂವೇ ನೆಲದಿಂದ ಎದ್ದು ನಿಲ್ಲುತ್ತೆ. ಮದುವೆಮನೆಗೆ ಪಂಚೆ ಮರೆತು ಪೇಟ ಮಾತ್ರ ಸುತ್ಕೊಂಡು ಬಂದವರ ಹಾಗೆ.

ಮೊದಲ ದಿನವೇ ಎಡವಟ್ಟು. ಹನ್ಯಾ ಊರಿನ ಹೊರಗೆ ಕಲ್ಲುಗುಡ್ಡೆ ಪಕ್ಕ ಸಣ್ಣ ತೆಂಗಿನಕಾಯಿ ಗಾತ್ರದ ಈರುಳ್ಳಿಗಳು ಅರ್ಧ ಮಣ್ಣಿಂದ ಹೊರಗೆ ಇಣುಕ್ತಿದ್ವು, ಮೇಲೆ ಎದೆಮಟ್ಟದ ಒಂದೊಂದು ಕಡ್ಡಿ, ತುದೀಲಿ ಒಣಗೋಕೆ ಬಂದ ಬಿಳಿ ಹೂ. ಯಾರೋ ಕಿತ್ತು ಬಿಸಾಕಿದ್ದ ಒಂದು ಗಡ್ಡೆ ಸಿಕ್ತು, ಸುಮ್ನೆ ಇರ್ಲಾರದೆ ಸಿಪ್ಪೆ ಸುಲಿದು ಮೂಸಿ ನೋಡ್ದೆ. ರಾತ್ರಿ ಪೂರ್ತಿ ಕೈ ತುರಿಕೆ, ಹಸಿ ಸುವರ್ಣಗಡ್ಡೆ ಹೆಚ್ಚಿದ ಹಾಗೆ. ಹುಣಸೆಹಣ್ಣು ಎಲ್ಲಿಂದ ತರೋದು, ನಿಂಬೆಹಣ್ಣು, ಆಲಿವ್ ಎಣ್ಣೆ ಎರಡನ್ನೂ ತಿಕ್ಕಿಕೊಂಡು ಸಲಾಡ್ ಥರ ಮಲಗಿದ್ದೆ. ಬೆಳಿಗ್ಗೆ ಮನೆ ಓನರ್ ಅಜ್ಜಿ ನೋಡಿ ಬಿದ್ದು ಬಿದ್ದು ನಕ್ಕರು. ಅದರ ಹೆಸರು ಸ್ಕಿಲೊಕ್ರೆಮಿದಾ, ಅಂದ್ರೆ ನಾಯಿ ಈರುಳ್ಳಿ. ಕಿತ್ತು ಮಣ್ಣಿಲ್ದೆ ಇಟ್ರೂ ಚಿಗುರುತ್ತೆ ಅಂತ ಹೊಸ ವರ್ಷಕ್ಕೆ ಬಾಗಿಲಿಗೆ ಕಟ್ತಾರಂತೆ, ನಾವು ಮಾವಿನ ತೋರಣ ಕಟ್ಟೋ ಹಾಗೆ. ನಮ್ಮ ಕಾಡು ಈರುಳ್ಳಿ ಇದರ ದಾಯಾದಿನೇ.

ಇಷ್ಟಕ್ಕೇ ಬುದ್ಧಿ ಬರ್ಬೇಕಿತ್ತು.

ಕೇಸರಿಯ ಕಾಡು ಮೂಲ ಅನ್ನೋ ಕ್ರೋಕಸ್ ಕಾರ್ಟ್‌ರೈಟಿಯಾನಸ್ ಕ್ರೀಟಲ್ಲೂ ಬೆಳೆಯುತ್ತೆ ಅಂತ ಫ್ಲೈಟಲ್ಲಿ ಅರ್ಧ ಓದಿ ನಿದ್ದೆ ಹೋಗಿದ್ದೆ. ಉಳಿದರ್ಧ ಓದಿದ್ರೆ ಈ ಬರಹವೇ ಇರ್ತಿರ್ಲಿಲ್ಲ. ಮೂರನೇ ದಿನ ಆಲಿವ್ ತೋಟದ ಅಂಚಲ್ಲಿ ನೇರಳೆ ಹೂ ಕಂಡ್ವು, ಎಲೆ ಇಲ್ಲ, ನೆಲಕ್ಕೇ ಲೋಟ ಇಟ್ಟ ಹಾಗೆ, ದಳದ ಮೇಲೆ ನಮ್ಮಪ್ಪನ ಲುಂಗಿ ಥರ ಚೌಕಳಿ. ಚೌಕಳಿ ನೋಡಿದಾಗಲೇ ಡೌಟ್ ಬರ್ಬೇಕಿತ್ತು, ಬರ್ಲಿಲ್ಲ. ಹತ್ತು ಹೂ ಕಿತ್ತು ಟಿಶ್ಯೂಲಿ ಸುತ್ತಿ ಸಾಗರದಲ್ಲಿರೋ ಅಮ್ಮನಿಗೆ ವಿಡಿಯೋ ಕಾಲ್ ಮಾಡ್ದೆ, "ಅಮ್ಮಾ, ರಸ್ತೆ ಬದೀಲಿ ಕೇಸರಿ, ಫ್ರೀ!"

"ಎಳೆ ಕೆಂಪಗಿರ್ಬೇಕಲ್ಲೋ, ಇದು ಹಳದಿ ಇದೆ?"

"ಒಣಗಿದ್ಮೇಲೆ ಆಗುತ್ತಮ್ಮ" ಅಂದೆ, ತಲೆಮಾರಿನಿಂದ ಕೇಸರಿ ಬೆಳೆದವನ ಹಾಗೆ.

ರೂಮಿಗೆ ಬಂದು ಕೇಸರಿಬಾತ್‌ಗೆ ರವೆ ಹುರೀತಿದ್ದೆ, ತುಪ್ಪದ ವಾಸನೆಗೆ ಅಜ್ಜಿ ಬಂದರು. ಪ್ಲೇಟಲ್ಲಿದ್ದ ಹೂ ನೋಡಿದ್ದೇ "ಓಹಿ! ಓಹಿ!" ಅಂತ ಕೂಗು, ಅಂದ್ರೆ ಬೇಡ ಬೇಡ, ಹುಬ್ಬು ಮೇಲೇರಿಸಿ ನಾಲಿಗೆಯಲ್ಲಿ ಒಂದು 'ಚ್'. ಗ್ರೀಕ್ ಭಾಷೇಲಿ 'ನೆ' ಅಂದ್ರೆ ಹೌದು ಅಂತ ಗೊತ್ತಿಲ್ದೆ ಎರಡು ದಿನ ಒದ್ದಾಡಿದ್ದೆ, ಆದ್ರೆ ಈ 'ಚ್' ಇದ್ಯಲ್ಲ, ಅದು ಅಪ್ಪಟ ಕನ್ನಡ, ನಮ್ಮಜ್ಜಿ ಜೀವಮಾನವಿಡೀ ಬೇಡ ಅಂದಿದ್ದು ಹಾಗೇನೇ. ಅಜ್ಜಿ ಒಂದು ಹೂ ಬಿಡಿಸಿ ಒಳಗಿನ ಪರಾಗ ಇರೋ ಹಳದಿ ಕೇಸರಗಳನ್ನ ಒಂದೊಂದಾಗಿ ಮುಟ್ಟಿ ಎಣಿಸಿದ್ರು. ಆರು. ಕ್ರೋಕಸ್ ಜಾತಿಗೆ ಮೂರೇ ಇರೋದು. ಇದು ಕೊಲ್ಚಿಕಮ್, ಇಡೀ ಗಿಡವೇ ವಿಷ. ಗೌಟ್ ಅನ್ನೋ ಕೀಲುನೋವಿಗೆ ಅಳೆದು ತೂಗಿ ಮಿಲಿಗ್ರಾಂನ ಲೆಕ್ಕದಲ್ಲಿ ಕೊಡೋ ಕೊಲ್ಚಿಸಿನ್ ಔಷಧಿ ಇದರಲ್ಲೇ ಇರೋದು. ನಮ್ಮ ಮಲೆನಾಡಿನ ಬೇಲಿ ಮೇಲೆ ಅರಳೋ ಗೌರಿ ಹೂ ಇದೇ ಕುಟುಂಬ, ಅದೇ ವಿಷ. ಅದರ ಗಡ್ಡೆ ಮುಟ್ಟಬೇಡ ಅಂತ ಬೈಸ್ಕೊಂಡೇ ಬೆಳೆದವನು ನಾನು, ಇಲ್ಲಿ ಅದರ ಅಣ್ಣನ್ನ ಸಕ್ಕರೆ ಪಾಕಕ್ಕೆ ಹಾಕೋಕೆ ಹೊರಟಿದ್ದೆ.

ಹೆಂಡತಿ ಏನೂ ಮಾತಾಡ್ಲಿಲ್ಲ. ಅದೇ ಭಯ ಆಗಿದ್ದು.

ಕೊನೇ ದಿನ ಹೆರಾಕ್ಲಿಯಾನ್ ಮ್ಯೂಸಿಯಂ. ಅಲ್ಲಿ ಕ್ನೋಸೋಸ್ ಅರಮನೆಯ ಒಂದು ಗೋಡೆಚಿತ್ರ ಇದೆ, ಮೂರೂವರೆ ಸಾವಿರ ವರ್ಷದಷ್ಟು ಹಳೇದು, ಚೂರು ಚೂರಾಗಿ ಸಿಕ್ಕಿದ್ದು. ಅರಮನೆ ಅಗೆಸಿದ ಆರ್ಥರ್ ಇವಾನ್ಸ್ ಸಾಹೇಬ್ರು ಅದನ್ನ ಕೇಸರಿ ಹೂ ಕೀಳ್ತಿರೋ ಹುಡುಗ ಅಂದ್ಕೊಂಡು ಹಾಗೇ ಜೋಡಿಸಿ ತುಂಬಿಸಿದ್ರು, ಆಮೇಲೆ ಬಾಲ ಇದೆ ಅನ್ನೋದು ಗೊತ್ತಾಯ್ತು. ಅದು ನೀಲಿ ಕೋತಿ. ಅಷ್ಟು ದೊಡ್ಡ ಪಂಡಿತ್ರಿಗೇ ಕೋತಿ ಹುಡುಗನ ಥರ ಕಂಡ್ಮೇಲೆ ನಾನ್ಯಾವ ಲೆಕ್ಕ ಅಂತ ಸಮಾಧಾನ ಮಾಡ್ಕೊಳ್ತಿದ್ದೆ, ಅಷ್ಟರಲ್ಲಿ ಹೆಂಡತಿ ಚಿತ್ರ ನೋಡಿದ್ಲು, ನನ್ನ ನೋಡಿದ್ಲು, "ರೀ, ಸ್ವಲ್ಪ ಅದರ ಪಕ್ಕ ನಿಂತ್ಕೊಳ್ಳಿ" ಅಂತ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ಲು. ಇಪ್ಪತ್ತೊಂದು ನಗುವ ಮುಖ ಬಂದ್ವು. ಕೊನೇಲಿ ಅಮ್ಮನ ವಾಯ್ಸ್ ಮೆಸೇಜು:

"ಏರ್‌ಪೋರ್ಟಲ್ಲಿ ಒಂದು ಡಬ್ಬಿ ಕೇಸರಿ ತಗೊಂಡ್ಬಿಡೋ. ಕಾಶ್ಮೀರದ್ದಿದ್ರೆ ನೋಡು."