ಕುರ್ಚಿ ಕೊಟ್ಟರೆ ಸಾಲದು, ಕಡತವನ್ನೂ ಕೊಡಿ

ಖಾಸಗಿ ವಿಶ್ವವಿದ್ಯಾಲಯದ ಆಡಳಿತದಲ್ಲಿ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಪಾಲಿರಬೇಕು ಅಂದ ಕೂಡಲೇ ಬರುವ ಉತ್ತರ ಒಂದೇ: "ದುಡ್ಡು ಹಾಕಿದವರು ಅವರು, ನಡೆಸೋದೂ ಅವರೇ." ಸರಿ, ಕಟ್ಟಡ ಎದ್ದ ಮೇಲೆ ವರ್ಷ ವರ್ಷ ದುಡ್ಡು ಹಾಕ್ತಿರೋದು ಯಾರು? ಹೆಚ್ಚಿನ ಕಡೆ ಶುಲ್ಕ ಕಟ್ಟುವ ಮಕ್ಕಳೇ.

ಇದೇನೂ ಹೊಸ ಹುಚ್ಚಲ್ಲ. ಮಧ್ಯಯುಗದಲ್ಲಿ ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸಂಘಗಳೇ ಮೇಷ್ಟ್ರನ್ನು ನೇಮಿಸಿಕೊಂಡು, ಪಾಠಕ್ಕೆ ತಡವಾದರೆ ದಂಡ ಹಾಕುತ್ತಿದ್ದವು. (ಅಷ್ಟು ದೂರ ಹೋಗಿ ಅಂತ ನಾನು ಹೇಳ್ತಿಲ್ಲ, ಮೇಷ್ಟ್ರುಗಳು ಗಾಬರಿಯಾಗಬೇಡಿ.) ಹಳೇ ಕಥೆ ಬೇಡ ಅನ್ನುವವರು ಅಮೆರಿಕದ ಕಾರ್ನೆಲ್ ನೋಡಲಿ. ಖಾಸಗಿ ವಿಶ್ವವಿದ್ಯಾಲಯವೇ, ಅದರ ಟ್ರಸ್ಟಿ ಮಂಡಳಿಯಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು, ನೌಕರರು ಆರಿಸಿ ಕಳಿಸಿದವರು ಕೂರುತ್ತಾರೆ.

ನನ್ನ ತಕರಾರಿರೋದು ತೋರಿಕೆಯ ಪಾಲಿನ ಬಗ್ಗೆ. ಆಡಳಿತವೇ ಹೆಸರಿಸಿದ ಒಬ್ಬ ರ‍್ಯಾಂಕ್ ಹುಡುಗ "ವಿದ್ಯಾರ್ಥಿ ಪ್ರತಿನಿಧಿ." ಅಜೆಂಡಾ ಅವನ ಕೈಗೆ ಸಿಗೋದು ಸಭೆಯಲ್ಲಿ ಕೂತ ಮೇಲೆ. ಶುಲ್ಕ ಏರಿಕೆ ಅದರಲ್ಲಿ ಇರೋದೇ ಇಲ್ಲ. ಕೊನೆಗೆ "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು" ಅಂತ ಬರುತ್ತಲ್ಲ, ಅಲ್ಲಿಂದ ತೂರಿ ಬರುತ್ತೆ. ಎಲ್ಲರೂ ಎದ್ದು ಹೊರಡುವ ಆತುರದಲ್ಲಿರುತ್ತಾರೆ. ನಡಾವಳಿಯಲ್ಲಿ ಮಾತ್ರ "ಚರ್ಚಿಸಿ, ಸರ್ವಾನುಮತದಿಂದ ಅಂಗೀಕರಿಸಲಾಯಿತು." ಹಾಜರಿ ಪುಸ್ತಕದಲ್ಲಿ ಹುಡುಗನ ಸಹಿಯೂ ಇದೆ. ನಾಳೆ ಹಾಸ್ಟೆಲಿನವರು ಜಗಳಕ್ಕೆ ಬಂದರೆ ಬೊಟ್ಟು ಮಾಡೋದು ಅವನ ಕಡೆಗೇ.

ಅಧ್ಯಾಪಕರ ಪಾಡು ಇನ್ನೂ ವಿಚಿತ್ರ. 1980ರಲ್ಲಿ ಯೆಶಿವಾ ಎಂಬ ಖಾಸಗಿ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಏನಂತು ಗೊತ್ತೇ? ಪಠ್ಯಕ್ರಮ, ಪ್ರವೇಶದ ನಿಯಮಗಳನ್ನೆಲ್ಲ ಅಧ್ಯಾಪಕರೇ ತೀರ್ಮಾನಿಸುತ್ತಾರೆ, ಹಾಗಾಗಿ ಅವರು ಆಡಳಿತದವರೇ. ಸಂಘ ಕಟ್ಟಿಕೊಂಡು ಸಂಬಳ ಸವಲತ್ತು ಕೇಳಲು ಕಾರ್ಮಿಕ ಕಾನೂನಿನ ರಕ್ಷಣೆ ಇಲ್ಲ. 5–4ರ ತೀರ್ಪು. ಪಾಲು ಕೊಟ್ಟದ್ದನ್ನೇ ನೆಪ ಮಾಡಿ ಬಾಯಿ ಕಟ್ಟಿದ ಹಾಗೆ.

ಬೋಧಕೇತರರನ್ನಂತೂ ಕೇಳುವವರೇ ಇಲ್ಲ. ಫಲಿತಾಂಶ ಎಲ್ಲಿ ಸಿಕ್ಕಿಕೊಂಡಿದೆ ಅಂತ ಕುಲಪತಿಗಳಿಗಿಂತ ಪರೀಕ್ಷಾ ವಿಭಾಗದ ಗುಮಾಸ್ತರಿಗೆ ಚೆನ್ನಾಗಿ ಗೊತ್ತಿರುತ್ತೆ.

ಹಾಗಂತ ಎಲ್ಲದಕ್ಕೂ ಎಲ್ಲರ ಮತ ಬೇಡ. ಸಂಶೋಧನೆಯ ವಿಷಯದಲ್ಲಿ ಪ್ರಾಧ್ಯಾಪಕರ ಮಾತೇ ನಿರ್ಣಾಯಕವಾಗಿರಬೇಕು ಅಂತ 1973ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಹೇಳಿತ್ತು, ನನಗದು ಒಪ್ಪಿಗೆ. ಅಂಕ ಎಷ್ಟು ಕೊಡಬೇಕು ಅನ್ನೋದನ್ನೂ ಹುಡುಗರು ನಿರ್ಧರಿಸಬೇಕಿಲ್ಲ. ಶುಲ್ಕ, ಹಾಸ್ಟೆಲ್, ವೇಳಾಪಟ್ಟಿ, ಸೇವಾ ನಿಯಮ, ಬಜೆಟ್: ಇವುಗಳಲ್ಲಿ ಮತ ಬೇಕು. "ಮೂರ್ನಾಲ್ಕು ವರ್ಷಕ್ಕೆ ಹೊರಡೋ ಮಕ್ಕಳಿಗೆ ಏನು ತಿಳಿಯುತ್ತೆ" ಅನ್ನುವವರು ಲೆಕ್ಕಪತ್ರವನ್ನು ಒಂದು ವಾರ ಮುಂಚೆ ಅವರ ಕೈಗೆ ಕೊಟ್ಟು ನೋಡಲಿ. ಪ್ರತಿನಿಧಿಯನ್ನು ಆರಿಸೋದು ಮಾತ್ರ ವಿದ್ಯಾರ್ಥಿಗಳೇ ಆಗಿರಲಿ, ಡೀನ್ ಅಲ್ಲ.