ಸೋರಲ್ಲ, ಆದ್ರೂ ಸ್ಟಾರ್ಟ್ ಆಗಲ್ಲ

ನಮ್ಮನೇಲಿ ಒಂದು ಹಳೇ ಡೀಸೆಲ್ ಜೀಪಿದೆ. ಮೇಲುಕೋಟೆ ಬೆಟ್ಟವನ್ನು ಸಲೀಸಾಗಿ ಹತ್ತುತ್ತದೆ, ಗದ್ದೆ ಕೆಸರಲ್ಲಿ ಫೋರ್‌ವೀಲ್ ಲಿವರ್ ಎಳೆದರೆ ಎಮ್ಮೆ ಥರ ಎದ್ದು ಬರುತ್ತದೆ. ಬೆಳಗ್ಗೆ ಸ್ಟಾರ್ಟ್ ಆಗುವುದೊಂದು ಬಿಟ್ಟು ಉಳಿದದ್ದೆಲ್ಲ ಸರಿ.

ಮಂಡ್ಯದ ಮೊದಲನೇ ಮೆಕ್ಯಾನಿಕ್ಕು ಬ್ಯಾಟರಿ ಅಂದ, ಹೊಸದು ಹಾಕಿಸಿದೆ. ಎರಡನೆಯವನು ತಣ್ಣಗಿನ ಎಂಜಿನ್ನನ್ನು ಒಳಗಿಂದ ಬಿಸಿ ಮಾಡುವ ಗ್ಲೋ ಪ್ಲಗ್ ಅಂದ, ನಾಲ್ಕನ್ನೂ ಬದಲಾಯಿಸಿದೆ. ಮೂರನೆಯವನು ಬಾನೆಟ್ಟೂ ಎತ್ತದೆ ‘ಡೀಸೆಲ್ ಪಂಪ್ ಹೋಗೈತೆ ಅಣ್ಣಾ, ಬಿಚ್ಬೇಕು’ ಅಂದುಬಿಟ್ಟ. ಪಂಪ್ ಬಿಚ್ಚುವುದು ಅಂದ್ರೆ ಸುಮ್ನೇನಾ?

ಕೊನೆಗೆ ಭಾನುವಾರ ನಾನೇ ಕೂತೆ. ಗಾಳಿ ಹೊರಬಿಡುವ ಬ್ಲೀಡಿಂಗ್ ಸ್ಕ್ರೂ ಸಡಿಲ ಮಾಡಿ, ಫಿಲ್ಟರ್ ಪಕ್ಕದ ಕೈಪಂಪನ್ನು ಹೆಬ್ಬೆರಳು ನೋಯುವ ತನಕ ಒತ್ತಿದರೆ ಬರೀ ನೊರೆ. ಗಾಳಿ! ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುವ ಪೈಪಲ್ಲಿ ಸಣ್ಣ ಬಿರುಕು ಬಿಟ್ಟರೆ ಹೊರಗೆ ಒಂದು ಹನಿಯೂ ಸೋರದೆ ಇರಬಹುದು, ಒಳಗೆ ಮಾತ್ರ ಗಾಳಿ ಹೋಗುತ್ತದೆ, ರಾತ್ರಿಯೆಲ್ಲ ನಿಂತಾಗ ಡೀಸೆಲ್ ಮೆಲ್ಲಗೆ ಟ್ಯಾಂಕಿಗೇ ವಾಪಸ್ ಜಾರುತ್ತದೆ. ಅನುಮಾನಕ್ಕೆ ಒಂದು ಗೇಣು, ಒಳಗಿನದ್ದು ಕಾಣುವ ಪ್ಲಾಸ್ಟಿಕ್ ಪೈಪ್ ಮಧ್ಯೆ ಸೇರಿಸಿ ನೋಡಿದೆ. ಗುಳ್ಳೆಗಳು ಇರುವೆ ಸಾಲಿನ ಹಾಗೆ ಹೋಗ್ತಾ ಇವೆ!

ತಪ್ಪು ಯಾರದ್ದು? ಕ್ಲಿಪ್ ಕೆಳಗೆ ಒಣಗಿ ಸೀಳಿದ್ದ ಮೊಳದುದ್ದದ ರಬ್ಬರ್ ಪೈಪಿನದ್ದು. ಇದಕ್ಕೆ ಮೂರು ಜನ, ಒಂದು ಬ್ಯಾಟರಿ, ನಾಲ್ಕು ಪ್ಲಗ್! ಮೊದಲು ಪೈಪ್ ನೋಡಿ, ಆಮೇಲೆ ಪಂಪ್ ಬಿಚ್ಚಿ ಅನ್ನುವುದು ಅಷ್ಟು ಕಷ್ಟವಾ? ‘ಮಾರ್ಬಿಡಿ ಅತ್ಲಾಗೆ’ ಅಂತಾಳೆ ಮನೆಯವಳು.

ಆ ಪೈಪ್ ಬದಲಾಯಿಸಿದೆ, ಈಗ ಒಂದೇ ಸಲ ಕೀ ತಿರುಗಿಸಿದರೆ ಸ್ಟಾರ್ಟು. ನಿನ್ನೆಯಿಂದ ಮುಂದಿನ ಎಡಗಡೆ ಚಕ್ರದಲ್ಲಿ ಕಟಕಟ ಅಂತಿದೆ.